ಮೆತ್ತನೆಯ ಪಟ್ಟಿ

ಪಟ್ಟಿ ಹೊಲಿದದ್ದು ಅವಳೇ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಆಮೇಲೆ ಎಲ್ಲರೂ ಇದನ್ನೇ ಹೇಳಿದರು. ಹೆಡ್‌ಮೇಡಂ ಹೇಳಿದರು, ಟೀಚರ್ ಹೇಳಿದಳು, ಕಟ್ಟಿಕೊಂಡ ಗಂಡನೂ ಹೇಳಿದ. ಹೆತ್ತವಳೇ ತನ್ನ ಕೈಯಾರೆ ಹೊಲಿದು, ಒಗೆದು, ಇಸ್ತ್ರಿ ಮಾಡಿ, ಮಗಳನ್ನು ಕಟ್ಟಿಹಾಕಲು ಕೊಟ್ಟಳಂತೆ ಎಂದು ಹೇಳುವಾಗ ಒಬ್ಬೊಬ್ಬರ ಮುಖದಲ್ಲೂ ಎಂಥ ನೆಮ್ಮದಿ! ಹೌದು, ಕೊಟ್ಟಳು. ಯಾಕೆ ಕೊಟ್ಟಳು ಎಂದು ಕೇಳುವ ಪುರಸೊತ್ತು ಮಾತ್ರ ಯಾರಿಗೂ ಇರಲಿಲ್ಲ.

ಅವಳು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿಯವಳು. ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ. ಒಗೆಯುವ ಯಂತ್ರ ಮೂರು, ಬಾಯ್ಲರು ಒಂದು, ನಡುವೆ ಎರಡಾಳು ಉದ್ದದ ಇಸ್ತ್ರಿ ಉರುಳೆ. ಈ ಕಡೆಯಿಂದ ಇಬ್ಬರು ಹೆಂಗಸರು ಒದ್ದೆ ಚಾದರವನ್ನು ಉರುಳೆಗೆ ಕೊಡುತ್ತಾರೆ. ಆ ಕಡೆ ಇಬ್ಬರು ಅದು ಹೊರಬರುತ್ತಿದ್ದಂತೆ ಹಿಡಿದು, ಜಗ್ಗಿ, ಮಡಿಸುತ್ತಾರೆ. ಹನ್ನೊಂದು ವರ್ಷದಿಂದ ಅವಳದು ಬಿಸಿ ಹಿಡಿಯುವ ಕಡೆ. ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿವೆ. ಹಾಜರಿ ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತು ಹಿಡಿಯುವುದಿಲ್ಲ. "ನೀನು ಮನುಷ್ಯಳೇ ಅಲ್ಲ ಅಂತಿದೆ ಕಣಮ್ಮ ಈ ಮೆಷಿನ್ನು" ಎಂದು ಮೇಸ್ತ್ರಿ ಹಲ್ಲು ಕಿಸಿದು, ಅವಳೊಬ್ಬಳಿಂದ ಮಾತ್ರ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುತ್ತಾನೆ.

ಬಟ್ಟೆಗಳು ವಾರ್ಡಿನ ಪ್ರಕಾರ ಗಂಟು ಕಟ್ಟಿ ಬರುತ್ತವೆ. ಹೆರಿಗೆ ವಾರ್ಡಿನದು ರಕ್ತ, ಮಕ್ಕಳ ವಾರ್ಡಿನದು ವಾಂತಿ. ಎಂಟನೆಯ ವಾರ್ಡು ಮನಸ್ಸಿನ ಕಾಯಿಲೆಯವರದು. ಅಲ್ಲಿಂದ ಬರುವ ಗಂಟಿನಲ್ಲಿ ಚಾದರಗಳ ಜೊತೆ ಕೈಪಟ್ಟಿಗಳಿರುತ್ತವೆ. ನಾಲ್ಕು ಬೆರಳಗಲ, ಒಂದು ಗಜ ಉದ್ದ, ಮೂರು ಮಡಿಕೆಯ ಬಟ್ಟೆ, ಒಳಗಡೆ ಮೆತ್ತನೆಯ ಇನ್ನೊಂದು ಪದರ. ರೋಗಿ ಮೈಮೇಲೆ ಪ್ರಜ್ಞೆಯಿಲ್ಲದೆ ಹೊಡೆದಾಡಿದರೆ ಮಣಿಕಟ್ಟನ್ನು ಮಂಚಕ್ಕೆ ಕಟ್ಟುವುದಕ್ಕೆ. ಕೆಲವುಗಳಲ್ಲಿ ಹಲ್ಲಿನ ಗುರುತು, ಕೆಲವುಗಳಲ್ಲಿ ಎಂಜಲು. ಇವನ್ನು ಯಂತ್ರಕ್ಕೆ ಹಾಕುವಂತಿಲ್ಲ. ಕೈಯಲ್ಲೇ ಉಜ್ಜಿ, ಕೈಯಲ್ಲೇ ಇಸ್ತ್ರಿ ಹಾಕಿ, ಸುರುಳಿ ಸುತ್ತಿಡಬೇಕು. ಒಂದು ಸುಕ್ಕು ಉಳಿದರೂ ಚರ್ಮ ಕೊರೆಯುತ್ತದೆ. ಅವಳ ಕೈ ಅದಕ್ಕೆ ಪಳಗಿತ್ತು. ಒಮ್ಮೆ ಆ ವಾರ್ಡಿನ ನರ್ಸು ಕೆಳಗಿಳಿದು ಬಂದು, "ಪಟ್ಟಿ ಯಾರು ಮಾಡೋದು? ನೀನು ಮಾಡಿದ್ದು ಕಟ್ಟಿದ್ರೆ ಒಬ್ರಿಗೂ ಗಾಯ ಆಗಲ್ಲ" ಎಂದು ಹೇಳಿ ಹೋಗಿದ್ದಳು. ಹನ್ನೊಂದು ವರ್ಷದಲ್ಲಿ ಅವಳ ಕೆಲಸವನ್ನು ಯಾರಾದರೂ ಹೊಗಳಿದ್ದು ಅದೊಂದೇ ಸಲ.

ಮಗಳಿಗೆ ಒಂಬತ್ತು. ಮೂರು ವರ್ಷದವಳಿದ್ದಾಗ ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬೀದಿಯವರೆಲ್ಲ ಮುದ್ದಿನಿಂದ ಚೂಟಿ ಎಂದು ಕರೆದರು. ಐದಾಗುವ ಹೊತ್ತಿಗೆ ಅದೇ ಬೀದಿಯವರು ಅವಳನ್ನು ಕಂಡರೆ ಬಾಗಿಲು ಹಾಕಿಕೊಂಡರು. ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾಳೆ. ಹೇಳಿದ್ದು ಹೇಳಿದ ಹಾಗೆ ನಡೆಯದಿದ್ದರೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾಳೆ. ಹಿಡಿಯಲು ಹೋದವರನ್ನು ಕಚ್ಚುತ್ತಾಳೆ. ಬಾಯಿ ತೆಗೆದರೆ ಲಾರಿ ಓಡಿಸುವ ಅಪ್ಪನೂ ನಾಚಬೇಕು, ಅಂಥ ಬೈಗುಳ. ಎಲ್ಲ ಮುಗಿದು ಉಸಿರು ಹತೋಟಿಗೆ ಬಂದ ಮೇಲೆ ಮೆಲ್ಲಗೆ ಬಂದು, "ಅಮ್ಮಾ, ನಾನು ಕಚ್ಚಿದ್ದಾ? ಔಷಧಿ ಹಚ್ಲಾ?" ಎಂದು ಕೇಳುತ್ತಾಳೆ. ಹಚ್ಚುತ್ತಾಳೆ ಕೂಡ, ಅರ್ಧ ಡಬ್ಬಿ ಒಂದೇ ಸಲ. ತಾಯಿಯ ಎರಡೂ ತೋಳಿನ ತುಂಬ ಹಲ್ಲಿನ ಅಚ್ಚು. ಲಾಂಡ್ರಿಯಲ್ಲಿ ಎದುರು ನಿಂತು ಮಡಿಸುವ ಅಕ್ಕ ಅದನ್ನು ನೋಡಿ, "ಗಂಡ ಮನೆಗೆ ಬಂದಾಗ ಹೊಟ್ಟೆ ತುಂಬ ಊಟ ಹಾಕೇ, ನಿನ್ನನ್ನೇ ತಿಂತಿದಾನಲ್ಲ" ಎಂದು ನಗಿಸುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಇನ್ನೇನು ಮಾಡುವುದು.

ಗಂಡ ಎನ್ನುವವನು ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಬಂದ ದಿನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ. ಮಾರನೆಯ ದಿನ ಅವಳು ಒಮ್ಮೆ ಕಿರುಚಿದಳೋ, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾನೆ. "ಎರಡು ಬಿಟ್ರೆ ಸರಿಹೋಗ್ತಾಳೆ. ನೀನೇ ತಲೆ ಮೇಲೆ ಕೂರಿಸ್ಕೊಂಡಿರೋದು" ಎನ್ನುವುದು ಅವನ ಮದ್ದು. ಬೀದಿಯವರ ಬಿಟ್ಟಿ ಉಪದೇಶಗಳೂ ಇದಕ್ಕಿಂತ ಬೇರೆ ಇರಲಿಲ್ಲ.

ತಾನು ಕೆಲಸ ಮಾಡುವ ಕಟ್ಟಡದಲ್ಲೇ ಮೂರನೆಯ ಮಹಡಿಯಲ್ಲಿ ಡಾಕ್ಟರು. ಆದರೂ ಬೆಳಗಿನಿಂದ ಐದು ತಾಸು ಸಾಲಿನಲ್ಲಿ ನಿಂತು ಮಗಳನ್ನು ತೋರಿಸಿಕೊಂಡು ಬಂದಿದ್ದಳು. ಡಾಕ್ಟರು ಮೂರು ಉದ್ದುದ್ದ ಪದ ಹೇಳಿ, ಅವಳ ಮುಖ ನೋಡಿ, ಬಿಡಿಸಿ ಹೇಳಿದರು. "ಇದು ಹಠ ಅಲ್ಲಮ್ಮ. ಅವಳ ಮೆದುಳು ನಡೆಯೋ ರೀತಿನೇ ಹಾಗೆ. ಮಾತ್ರೆ ಕೊಡ್ತೀನಿ. ಹೊಡೀಬೇಡಿ, ಕೂಡಿಹಾಕಬೇಡಿ. ಸಿಟ್ಟು ಬಂದಾಗ ಸದ್ದಿಲ್ಲದ ಜಾಗದಲ್ಲಿ ಸ್ವಲ್ಪ ಹೊತ್ತು ಬಿಟ್ಟುಬಿಡಿ, ತಾನೇ ಇಳಿಯುತ್ತೆ." ಇದನ್ನೇ ಕಾಗದದಲ್ಲಿ ಬರೆದು ಶಾಲೆಗೆ ಕೊಡಲು ಹೇಳಿದರು. ಕೊಟ್ಟಳು. ಹೆಡ್‌ಮೇಡಂ ಮೇಲಿನ ಎರಡು ಸಾಲು ಓದಿ ಫೈಲಿಗೆ ಸಿಕ್ಕಿಸಿದರು. "ನಲವತ್ತೆರಡು ಮಕ್ಕಳಿರೋ ಕ್ಲಾಸಲ್ಲಿ ಸದ್ದಿಲ್ಲದ ಜಾಗ ಎಲ್ಲಿಂದ ತರೋದಮ್ಮ? ನಿಮ್ಮ ಡಾಕ್ಟರನ್ನೇ ಬಂದು ಪಾಠ ಮಾಡೋಕೆ ಹೇಳಿ."

ಇದು ಚೂಟಿಯ ಮೂರನೆಯ ಶಾಲೆ. ಮೊದಲಿನ ಎರಡೂ ಕಡೆ ಕೈ ತೊಳೆದುಕೊಂಡಿದ್ದರು. ಇಲ್ಲಿಂದಲೂ ಕಳಿಸಿದರೆ ಮುಂದಿಲ್ಲ. ಮಗಳು ಮನೆಯಲ್ಲಿದ್ದರೆ ಅವಳೂ ಮನೆಯಲ್ಲಿರಬೇಕು. ಒಂಟಿಯಾಗಿ ಬಿಟ್ಟುಹೋಗುವ ಹುಡುಗಿಯಲ್ಲ, ಇಟ್ಟುಕೊಳ್ಳುವ ನೆಂಟರಿಲ್ಲ. ಅವಳು ಉರುಳೆಯ ಬಳಿ ಇಲ್ಲದ ತಿಂಗಳು ಮನೆಯ ಒಲೆ ಹತ್ತುವುದಿಲ್ಲ. ಶಾಲೆಯವರಿಗೂ ಇದು ಗೊತ್ತಿತ್ತು. ಅದಕ್ಕೇ ಅವರು ಅವಳೊಂದಿಗೆ ಆ ದನಿಯಲ್ಲಿ ಮಾತಾಡುತ್ತಿದ್ದರು.

ಲಾಂಡ್ರಿಯಲ್ಲಿ ಕೆಲಸದ ವೇಳೆ ಫೋನು ಮುಟ್ಟುವಂತಿಲ್ಲ. ಶಾಲೆಯ ಫೋನು ಮೇಸ್ತ್ರಿಗೆ ಬರುತ್ತಿತ್ತು. ಅವನು ಉಗಿಯ ನಡುವಿನಿಂದ ತಲೆ ಹಾಕಿ, "ಏಯ್ ಇಸ್ತ್ರಿ, ನಿನ್ನ ಮಗಳದು ಶುರುವಾಯ್ತಂತೆ" ಎಂದು ಎಲ್ಲರಿಗೂ ಕೇಳಿಸುವಂತೆ ಕೂಗುತ್ತಿದ್ದ. ಅವಳು ಬೆವರಿನಲ್ಲಿ ನೆನೆದ ಕೆಲಸದ ಕೋಟಿನಲ್ಲೇ ಓಡುತ್ತಿದ್ದಳು. ಒಂದು ತಿಂಗಳಲ್ಲಿ ಏಳು ಸಲ. ಎಂಟನೆಯ ಸಲ ಮೇಸ್ತ್ರಿ, "ಇನ್ನೊಂದು ಸಲ ಓಡಿದ್ರೆ ಹಾಗೇ ಓಡ್ತಾ ಇರು, ವಾಪಸ್ ಬರಬೇಡ" ಎಂದ.

ಆ ಎಂಟನೆಯ ಸಲವೇ ಅವಳು ಹಗ್ಗ ನೋಡಿದ್ದು. ಮಕ್ಕಳು ಕುಣಿದಾಡುವ ಸ್ಕಿಪ್ಪಿಂಗ್ ಹಗ್ಗ, ಪ್ಲಾಸ್ಟಿಕ್ಕಿನದು. ಅದರಲ್ಲಿ ಚೂಟಿಯ ಎರಡೂ ಕೈಗಳನ್ನು ಕಿಟಕಿಯ ಸರಳಿಗೆ ಬಿಗಿದಿದ್ದರು. ಹುಡುಗಿ ಜಗ್ಗಿ ಜಗ್ಗಿ ಮಣಿಕಟ್ಟಿನ ಚರ್ಮ ಸುಲಿದು ಹಗ್ಗಕ್ಕೆ ಅಂಟಿಕೊಂಡಿತ್ತು. ಟೀಚರ್ ಇನ್ನೂ ಚಿಕ್ಕ ವಯಸ್ಸಿನವಳು, ಅವಳ ಕೆನ್ನೆಯ ಮೇಲೆ ಉಗುರಿನ ಗೀರು. ಅವಳೂ ಅಳುತ್ತಿದ್ದಳು. "ನಾನೇನು ಮಾಡ್ಲಿ ಹೇಳಿ? ಇವಳೊಬ್ಬಳನ್ನ ಹಿಡ್ಕೊಂಡ್ರೆ ಉಳಿದವರನ್ನ ಯಾರು ನೋಡ್ತಾರೆ?" ಹೆಡ್‌ಮೇಡಂ ಬಾಗಿಲಲ್ಲಿ ನಿಂತು, "ನೋಡಿಮ್ಮ, ಎರಡೇ ದಾರಿ. ಒಂದೋ ನಾವು ಹೇಗಾದ್ರೂ ಸುಧಾರಿಸ್ಕೋತೀವಿ, ನೀವು ಕೇಳಬಾರದು. ಇಲ್ಲ ಅಂದ್ರೆ ಕರ್ಕೊಂಡು ಹೋಗಿ" ಎಂದರು.

ಅವಳು ಆವತ್ತು ಕೂಗಾಡಬೇಕಿತ್ತು. ಹಗ್ಗವನ್ನು ಹೆಡ್‌ಮೇಡಂ ಮುಖಕ್ಕೆ ಎಸೆಯಬೇಕಿತ್ತು. ಕತೆ ಕೇಳುವ ನಮಗೆ ಹಾಗನ್ನಿಸುವುದು ಸುಲಭ. ಅವಳ ತಲೆಯಲ್ಲಿ ಮೇಸ್ತ್ರಿ ಇದ್ದ, ಉರುಳೆ ಇತ್ತು, ಮಗಳ ಕೈಯ ಸುಲಿದ ಚರ್ಮ ಇತ್ತು. ಹನ್ನೊಂದು ವರ್ಷ ಪಟ್ಟಿ ತೀಡಿದವಳ ಬಾಯಿಂದ ಬಂದ ಮಾತು ಇದು.

"ಹಗ್ಗ ಬೇಡ ಮೇಡಂ. ಕೊರೆಯುತ್ತೆ. ನಾನು ಮೆತ್ತಗಿರೋ ಪಟ್ಟಿ ಹೊಲಿದು ತರ್ತೀನಿ."

ಆ ಸಂಜೆ ಲಾಂಡ್ರಿಯಲ್ಲಿ ಹರಿದು ಬಿಸಾಡಲು ಇಟ್ಟಿದ್ದ ಚಾದರವೊಂದನ್ನು ಕೋಟಿನೊಳಗೆ ಸುತ್ತಿಕೊಂಡು ಬಂದಳು. ಕೇಳಿ ತರಲಿಲ್ಲ. ಕೇಳಿದ್ದರೆ ಯಾಕೆ ಎಂದು ಹೇಳಬೇಕಿತ್ತು. ಮೂಲೆಯಲ್ಲಿ ಆಸ್ಪತ್ರೆಯ ನೀಲಿ ಮುದ್ರೆಯಿತ್ತು, ಅದನ್ನು ಒಳಮಡಿಕೆಗೆ ಹಾಕಿದಳು. ಮಗಳ ಮಣಿಕಟ್ಟನ್ನು ದಾರದಲ್ಲಿ ಅಳೆದಳು. ಎರಡು ಬೆರಳು ಸಡಿಲ ಬಿಟ್ಟಳು. ಒಳಗೆ ಚೂಟಿಯದೇ ಹಳೆಯ ಲಂಗದ ಬಟ್ಟೆ ಇಟ್ಟಳು. ಎರಡು ಪಟ್ಟಿ, ಎರಡು ಕೈಗೆ. ಒಂದೊಂದು ಹೊಲಿಗೆಯನ್ನೂ ಎರಡೆರಡು ಸಲ ಹಾಕಿದಳು. ಹೊಲಿಯುವಾಗ ಅವಳಿಗೆ ಸ್ವಲ್ಪ ಹೆಮ್ಮೆಯೇ ಆಗಿತ್ತು. ಆ ಹೆಮ್ಮೆಯನ್ನು ಅವಳು ತನಗೆ ಇವತ್ತಿಗೂ ಕ್ಷಮಿಸಿಲ್ಲ.

ಮಾರನೆಯ ಬೆಳಿಗ್ಗೆ ಟೀಚರಿಗೆ ಕಟ್ಟುವುದನ್ನು ಹೇಳಿಕೊಟ್ಟಳು. ಮುಂದೆ, ಕುರ್ಚಿಯ ಕೈಗೆ, ಒಂದೊಂದು ಕೈ ಬೇರೆ ಬೇರೆ. ಜಗ್ಗಿದರೆ ಬಿಗಿಯಾಗದ ಗಂಟು. "ತುಂಬಾ ಆದಾಗ ಮಾತ್ರ ಟೀಚರ್. ಹತ್ತು ನಿಮಿಷ. ಅವಳ ಉಸಿರು ಇಳಿದ ಕೂಡಲೇ ಬಿಚ್ಚಿ, ಕೈ ತಿಕ್ಕಬೇಕು." ಟೀಚರ್ ಪಟ್ಟಿಯನ್ನು ಕೆನ್ನೆಗೆ ಒತ್ತಿಕೊಂಡು, "ಎಷ್ಟು ಮೆತ್ತಗಿದೆ ಅಲ್ವಾ!" ಎಂದಳು. ಹೆಡ್‌ಮೇಡಂ ಮೊದಲ ಬಾರಿಗೆ ಅವಳಿಗೆ ಕೂರಲು ಕುರ್ಚಿ ತೋರಿಸಿ, "ಎಲ್ಲಾ ತಾಯಂದಿರೂ ನಿಮ್ಮ ಹಾಗೆ ಸಹಕಾರ ಕೊಟ್ರೆ ನಮಗೇನು ಕಷ್ಟ" ಎಂದರು.

ಫೋನು ನಿಂತಿತು. ಒಂದು ವಾರ, ಎರಡು ವಾರ, ಎರಡು ತಿಂಗಳು. ಮೇಸ್ತ್ರಿ, "ಮಗಳು ದಾರಿಗೆ ಬಂದ್ಲು ಅನ್ನು" ಎಂದ. ಅವಳಿಗೂ ಹಾಗೇ ಅನ್ನಿಸಿತು. ಶನಿವಾರ ಪಟ್ಟಿಗಳು ಮಗಳ ಬ್ಯಾಗಿನಲ್ಲಿ ಮನೆಗೆ ಬರುತ್ತಿದ್ದವು. ಒಗೆದು, ಇಸ್ತ್ರಿ ಹಾಕಿ, ಸುರುಳಿ ಸುತ್ತಿ ಸೋಮವಾರಕ್ಕೆ ಕಳಿಸುತ್ತಿದ್ದಳು. ಚೂಟಿ ಶಾಲೆಯ ಸುದ್ದಿ ಹೇಳುವುದನ್ನು ನಿಲ್ಲಿಸಿದ್ದಳು. ಹೆಡ್‌ಮೇಡಂ ನಡೆಯುವ ರೀತಿಯನ್ನು ಅಣಕಿಸಿ ಅಮ್ಮನನ್ನು ನಗಿಸುತ್ತಿದ್ದವಳು ಈಗ ಸುಮ್ಮನೆ ಗೋಡೆ ನೋಡುತ್ತ ಕೂರುತ್ತಿದ್ದಳು. ಕಚ್ಚುತ್ತಿರಲಿಲ್ಲ. ಕಿರುಚುತ್ತಿರಲಿಲ್ಲ. ಕೇಳಿದ್ದಕ್ಕೆ ಹೂಂ, ಕೊಟ್ಟದ್ದಕ್ಕೆ ಹೂಂ. ಮಾತ್ರೆ ಕೆಲಸ ಮಾಡುತ್ತಿದೆ ಎಂದು ತಾಯಿ ಖುಷಿಪಟ್ಟಳು. ದಣಿದ ಮನುಷ್ಯರು ಮನೆ ಸದ್ದಿಲ್ಲದಿದ್ದರೆ ಹೆಚ್ಚು ಪ್ರಶ್ನೆ ಕೇಳುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಚೂಟಿ ಹಾಲಿನ ಲೋಟ ಕೆಡವಿದಳು. ಬೇಕೆಂದು ಕೆಡವಿದ್ದಲ್ಲ, ಕೈ ತಾಗಿ ಬಿತ್ತು. ಅಮ್ಮ ಬೈಯಲೂ ಇಲ್ಲ. "ಅಯ್ಯೋ" ಎಂದಳು, ಅಷ್ಟೇ. ಹುಡುಗಿ ಎದ್ದು ಹೋಗಿ, ಅಡುಗೆಮನೆಯ ಬಾಗಿಲ ಪಕ್ಕದ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದಳು. ಕೂತಳು. ಎರಡೂ ಕೈಗಳನ್ನು ಬೆನ್ನ ಹಿಂದೆ, ಕುರ್ಚಿಯ ಆಚೆಗೆ ಚಾಚಿ, ಮಣಿಕಟ್ಟುಗಳನ್ನು ಒಂದರ ಮೇಲೊಂದು ಇಟ್ಟಳು.

"ಏನೇ ಅದು?"

"ಕಟ್ಟು."

"ಯಾರು ಹೇಳಿದ್ರು ಕಟ್ಟೋಕೆ? ಎದ್ದೇಳು."

"ಮೊದ್ಲು ಕಟ್ಟು. ಆಮೇಲೆ ಎದ್ದೇಳ್ತೀನಿ." ಗೋಡೆಯ ಕಡೆಗೇ ನೋಡುತ್ತ ಕೇಳಿದಳು. "ಅಮ್ಮಾ, ಮನೇಲೂ ಮನೆಗೆ ಬಿಡೋ ಗಂಟೆ ತನಕಾನಾ?"

ತಾಯಿ ಹೇಳಿಕೊಟ್ಟದ್ದು ಮುಂದೆ ಕಟ್ಟಲು. ಬೆನ್ನ ಹಿಂದೆ ಕಟ್ಟಲು ಅವಳು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಎರಡು ಕೈ ಒಟ್ಟಿಗೆ ಸೇರಿಸಲು ಹೇಳಿಕೊಟ್ಟಿರಲಿಲ್ಲ. ನೆಲದ ಮೇಲೆ ಹಾಲು ಹರಿಯುತ್ತಲೇ ಇತ್ತು. ಅವಳು ಮಗಳ ಕುರ್ಚಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಆ ಕೈಗಳನ್ನು ಹಿಡಿದುಕೊಂಡು ಗಳಗಳನೆ ಅತ್ತಳು. ಚೂಟಿ ತಿರುಗಿ ನೋಡಲಿಲ್ಲ. ತಿರುಗಿ ನೋಡುವುದನ್ನು ಅವಳಿಗೆ ಬಿಡಿಸಿದ್ದರು.

ಸೋಮವಾರ ಮಗಳನ್ನು ಶಾಲೆಗೆ ಬಿಟ್ಟಳು. ಪಟ್ಟಿ ಕಳಿಸಿದಳು. ಕಣ್ಣಾರೆ ನೋಡದೆ ಬಾಯಿ ತೆರೆದರೆ ತನ್ನ ಮಾತನ್ನು ಯಾರೂ ನಂಬುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹನ್ನೊಂದು ಗಂಟೆಗೆ ಉರುಳೆ ಕಾದು, ಮೊದಲ ಚಾದರ ಹೊರಬರುತ್ತಿದ್ದಾಗ ಅದನ್ನು ಹಿಡಿಯದೆ ಬಿಟ್ಟಳು. ಚಾದರ ನೆಲಕ್ಕೆ ಬಿತ್ತು. ಮಡಿಸುವ ಅಕ್ಕ ಅವಳ ಮುಖ ನೋಡಿದಳು. "ಹೋಗು. ಎರಡೂ ತುದಿ ನಾನೇ ಹಿಡೀತೀನಿ" ಎಂದಳು. ಮೇಸ್ತ್ರಿ ಹಿಂದಿನಿಂದ ಕೂಗುತ್ತಿದ್ದ.

ಶಾಲೆಯ ಹಿಂಬದಿಯ ಕಿಟಕಿಯಿಂದ ನೋಡಿದಳು. ಟೀಚರ್ ಬೋರ್ಡಿನ ಮೇಲೆ ಬರೆಯುತ್ತಿದ್ದಳು, ಮಕ್ಕಳು ಬರೆದುಕೊಳ್ಳುತ್ತಿದ್ದರು. ಕ್ಲಾಸು ಸದ್ದಿಲ್ಲದೆ ಚೆನ್ನಾಗಿ ನಡೆಯುತ್ತಿತ್ತು. ಹಿಂದಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿದ ಕುರ್ಚಿ. ಕುರ್ಚಿಯ ಬೆನ್ನಿಗೆ ಮಕ್ಕಳ ಸ್ವೆಟರುಗಳನ್ನು ನೇತುಹಾಕಿದ್ದರು. ಅವುಗಳ ಅಡಿಯಿಂದ ಇಣುಕುತ್ತಿದ್ದವು ಚೂಟಿಯ ಎರಡು ಕೈ, ಒಂದೇ ಪಟ್ಟಿಯಲ್ಲಿ ಬಿಗಿದವು. ಮಗಳ ಮುಖ ಕಾಣಲೆಂದು ಪಕ್ಕದ ಕಿಟಕಿಗೆ ಹೋದಳು. ತೊಡೆಯ ಮೇಲೆ ತಿದ್ದಿದ ಕಾಪಿ ಪುಸ್ತಕಗಳ ರಾಶಿ. ಟೀಚರಿಗೆ ಇಡಲು ಬೇರೆ ಜಾಗ ಇರಲಿಲ್ಲವೋ ಏನೋ. ಕೆನ್ನೆಯ ಮೇಲೆ ನೊಣ ಕೂತಿತ್ತು. ಹುಡುಗಿ ಬಾಯಿಯನ್ನು ಸೊಟ್ಟ ಮಾಡಿ ಉಫ್ ಉಫ್ ಎಂದು ಅದನ್ನು ಓಡಿಸಲು ನೋಡುತ್ತಿದ್ದಳು. ನೊಣ ಎದ್ದು ಮತ್ತೆ ಅಲ್ಲೇ ಕೂರುತ್ತಿತ್ತು. ಕುರ್ಚಿಯ ಕೆಳಗೆ ನೆಲ ಒದ್ದೆಯಾಗಿತ್ತು.

ಅವಳು ಒಳಗೆ ಹೋದಳು. ಯಾರನ್ನೂ ಕೇಳಲಿಲ್ಲ. ಪುಸ್ತಕಗಳನ್ನು ಎತ್ತಿ ನೆಲದ ಮೇಲಿಟ್ಟಳು, ಸ್ವೆಟರುಗಳನ್ನು ಎಳೆದುಹಾಕಿದಳು, ಗಂಟು ಬಿಚ್ಚಿದಳು. ಅವಳು ಹೇಳಿಕೊಟ್ಟ ಗಂಟೂ ಅಲ್ಲ ಅದು. ಬೆರಳುಗಳು ಊದಿ ನೀಲಿಗಟ್ಟಿದ್ದವು.

"ಅರೇ, ನೀವ್ಯಾಕೆ ಬಂದ್ರಿ? ನಾವು ಫೋನ್ ಮಾಡಿಲ್ವಲ್ಲ" ಎಂದಳು ಟೀಚರ್.

"ಇವತ್ತು ಗಲಾಟೆ ಮಾಡಿದ್ಲಾ?"

"ಇಲ್ಲಪ್ಪ. ಪಟ್ಟಿ ಬಂದ ಮೇಲೆ ಏನೂ ಗಲಾಟೆ ಇಲ್ಲ."

"ಮತ್ತೆ ಯಾಕೆ ಕಟ್ಟಿದೀರಿ?"

"ಗಲಾಟೆ ಮಾಡಬಾರದು ಅಂತ" ಎಂದಳು ಟೀಚರ್. ಇದರಲ್ಲಿ ತಿಳಿಯದೇ ಇರುವುದು ಏನಿದೆ ಎಂಬಂತೆ ನೋಡಿದಳು.

"ಯಾವಾಗಿಂದ ಕಟ್ಟಿದೀರಿ?"

"ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ."

"ಇನ್ನೊಂದು ಪಟ್ಟಿ ಎಲ್ಲಿ?"

ಟೀಚರ್ ಮುಖ ಅರಳಿತು. "ಅದನ್ನ ಒಂದನೇ ಕ್ಲಾಸಿನವ್ರು ಇಸ್ಕೊಂಡಿದಾರೆ. ಎಲ್ಲರಿಗೂ ತುಂಬಾ ಹಿಡಿಸ್ತು. ನಿಮ್ಮನ್ನ ಕೇಳಬೇಕು ಅಂತಿದ್ವಿ, ಇನ್ನೊಂದು ನಾಲ್ಕು ಹೊಲಿದುಕೊಡ್ತೀರಾ?"

ಒಂದನೆಯ ಕ್ಲಾಸಿನಲ್ಲಿ ಪಟ್ಟಿ ಒಂದು ಪುಟ್ಟ ಹುಡುಗಿಯ ಕಾಲಿಗಿತ್ತು. ಶಾಲೆಯ ಎದುರಿನ ಸೈಕಲ್ ರಿಪೇರಿಯವನ ಮಗಳು, ಆರು ವರ್ಷ. ಆ ಮಗುವಿನ ತಪ್ಪೆಂದರೆ ಪಾಠದ ನಡುವೆ ಎದ್ದೆದ್ದು ಓಡಾಡುವುದು. ಪಾದವನ್ನು ಬೆಂಚಿನ ಕಾಲಿಗೆ ಬಿಗಿದಿದ್ದರು. ಅವಳು ಬಗ್ಗಿ ಅದನ್ನೂ ಬಿಚ್ಚಿದಳು. ಒಳಮಡಿಕೆ ಹೊರಳಿ ನೀಲಿ ಮುದ್ರೆ ಮೇಲೆ ಬಂದಿತ್ತು. ತನ್ನ ಕೈಯಿಂದ ಹಾಕಿದ ಎರಡೆರಡು ಹೊಲಿಗೆ ಒಂದಿಷ್ಟೂ ಬಿಟ್ಟಿರಲಿಲ್ಲ. ಎರಡೂ ಪಟ್ಟಿಗಳನ್ನು ಕೈಯಲ್ಲೇ ಹಿಡಿದುಕೊಂಡಳು.

ಹೆಡ್‌ಮೇಡಂ ತಾಯಿ ಮಗಳಿಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಈ ಸಲ ಕುರ್ಚಿ ತೋರಿಸಲಿಲ್ಲ.

"ಕ್ಲಾಸಿಗೆ ನುಗ್ಗಿ ಹೀಗೆಲ್ಲ ಮಾಡೋದು ಸರಿನಾ?"

"ದಿನಾ ಕಟ್ತಿದೀರಿ. ಉಚ್ಚೆಗೂ ಬಿಟ್ಟಿಲ್ಲ. ನಾನು ಮೇಲಿನವರ ಹತ್ರ ಹೋಗ್ತೀನಿ."

"ಹೋಗಿ." ಹೆಡ್‌ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಹೋಗಿ ಏನಂತೀರಿ? ಪಟ್ಟಿ ಹೊಲಿದುಕೊಟ್ಟೋರು ಯಾರು ಅಂತ ಕೇಳ್ತಾರೆ. ಯಾರು ಅಂತೀರಿ?"

ಅವಳು ಪಟ್ಟಿಗಳನ್ನು ಕೈಗೆ ಸುತ್ತಿಕೊಂಡಳು.

"ಪ್ರತಿ ವಾರ ಒಗೆದು ಕಳಿಸ್ತಿದ್ದೋರು ಯಾರು? ಕಟ್ಟೋದು ಹೇಗೆ ಅಂತ ನಮ್ಮ ಟೀಚರ್‌ಗೆ ಪಾಠ ಮಾಡಿದ್ದು ಯಾರು?" ಅವರು ಅವಳ ಕೈಯಲ್ಲಿದ್ದ ಪಟ್ಟಿಯ ಕಡೆ ಬೆರಳು ಮಾಡಿದರು. "ಆ ಮುದ್ರೆ ಯಾರದ್ದು? ಆಸ್ಪತ್ರೆ ಬಟ್ಟೆ ಅಲ್ವಾ? ನಿಮ್ಮ ಮೇಸ್ತ್ರಿ ನಂಬರ್ ನನ್ನ ಹತ್ರ ಇದೆ, ನಿಮಗೇ ಗೊತ್ತಲ್ಲ." ಆಮೇಲೆ ದನಿ ಇಳಿಸಿದರು. ಇಳಿಸಿದ ಆ ದನಿ ಇನ್ನೂ ಕೆಟ್ಟದಾಗಿತ್ತು. "ನಾನು ನಿಮಗೆ ಕೆಟ್ಟದ್ದು ಬಯಸಲ್ಲ. ಆಗಿದ್ದು ಆಯ್ತು. ಒಂದು ಕಾಗದ ಇರಲಿ, ಇಬ್ಬರಿಗೂ ಒಳ್ಳೇದು. ಮಗಳು ಇಲ್ಲೇ ಓದ್ಲಿ. ನಾಳೆಯಿಂದ ಕಟ್ಟೋದು ಕಮ್ಮಿ ಮಾಡೋಕೆ ಹೇಳ್ತೀನಿ."

ಬಿಳಿ ಹಾಳೆ ತೆಗೆದು ಅವರೇ ಬರೆದರು. ಮುತ್ತು ಪೋಣಿಸಿದಂಥ ಅಕ್ಷರ. ನನ್ನ ಮಗಳ ಕ್ಷೇಮಕ್ಕಾಗಿ ಪಟ್ಟಿಯನ್ನು ಬಳಸುವಂತೆ ನಾನೇ ಕೋರಿಕೊಂಡಿರುತ್ತೇನೆ, ಪಟ್ಟಿಯನ್ನು ನಾನೇ ಒದಗಿಸಿರುತ್ತೇನೆ, ಶಾಲೆಯ ಮೇಲೆ ನನ್ನ ಯಾವುದೇ ದೂರು ಇರುವುದಿಲ್ಲ. ಮೂರೇ ಸಾಲು. ಹಾಳೆಯನ್ನು ತಿರುಗಿಸಿ, ಪೆನ್ನನ್ನು ಅದರ ಮೇಲಿಟ್ಟು ಮುಂದಕ್ಕೆ ತಳ್ಳಿದರು.

ಅವಳು ಓದಿದಳು. ಎರಡು ಸಲ ಓದಿದಳು. ಸಹಿ ಹಾಕಿದರೆ ಉರುಳೆ ಉಳಿಯುತ್ತದೆ, ಶಾಲೆ ಉಳಿಯುತ್ತದೆ. ಪಕ್ಕದಲ್ಲಿ ಚೂಟಿ ಒದ್ದೆ ಲಂಗದಲ್ಲಿ ನಿಂತಿದ್ದಳು. ಬಿಚ್ಚಿ ಅರ್ಧ ತಾಸಾಗಿದ್ದರೂ ಕೈಗಳನ್ನು ಇನ್ನೂ ಬೆನ್ನ ಹಿಂದೆಯೇ ಇಟ್ಟುಕೊಂಡಿದ್ದಳು. ತಾಯಿ ಅದನ್ನು ನೋಡಿದಳು. ಪೆನ್ನು ತೆಗೆದುಕೊಂಡಳು. ನಿಂತೇ ಇದ್ದವಳು ಯಾರೂ ಹೇಳದೆ ಕುರ್ಚಿ ಎಳೆದುಕೊಂಡು ಕೂತಳು.

ಏಳನೆಯ ತರಗತಿ ಓದಿದ ಕೈ. ಅಕ್ಷರ ದಪ್ಪ, ಸಾಲು ಸೊಟ್ಟ. ಆ ಮೂರು ಸಾಲಿನ ಕೆಳಗೆ ಅವಳು ಬರೆಯತೊಡಗಿದಳು.

'ಪಟ್ಟಿ ನಾನೇ ಹೊಲಿದೆ. ಹೌದು. ಮೊದಲು ಹಗ್ಗದಲ್ಲಿ ಕಟ್ಟಿದ್ದರು. ಚರ್ಮ ಸುಲಿದಿತ್ತು. ಕರಕೊಂಡು ಹೋಗು ಅಂದರು. ಹೆದರಿ ಪಟ್ಟಿ ಹೊಲಿದೆ. ಹತ್ತು ನಿಮಿಷ ಅಂತ ಹೇಳಿದ್ದೆ. ಇವರು ಬೆಳಿಗ್ಗೆಯಿಂದ ಸಂಜೆ ತನಕ ಎರಡು ತಿಂಗಳು ಕಟ್ಟಿದರು. ಗಲಾಟೆ ಮಾಡದಿದ್ದರೂ ಕಟ್ಟಿದರು. ತೊಡೆ ಮೇಲೆ ಪುಸ್ತಕ ಇಟ್ಟರು. ಒಂದನೇ ಕ್ಲಾಸಿನ ಮಗುವಿನ ಕಾಲಿಗೂ ಕಟ್ಟಿದರು. ಅದನ್ನು ಹೊಲಿದದ್ದೂ ನಾನೇ. ಇನ್ನೂ ನಾಲ್ಕು ಕೇಳಿದರು. ಡಾಕ್ಟರ ಕಾಗದ ಇವರ ಫೈಲಿನಲ್ಲಿದೆ. ಬಟ್ಟೆ ದೊಡ್ಡಾಸ್ಪತ್ರೆಯದು. ಕೇಳದೆ ತಂದೆ. ಕಳ್ಳತನ. ನನಗೆ ಏನು ಶಿಕ್ಷೆಯೋ ಆಗಲಿ. ಇವರಿಗೂ ಆಗಲಿ.'

ಕೆಳಗೆ ಸಹಿ ಹಾಕಿದಳು. ತಾರೀಕು ಹಾಕಿದಳು.

ಹೆಡ್‌ಮೇಡಂ ತಲೆಕೆಳಗಾಗಿಯೇ ಓದುತ್ತ ಬಂದವರು ಕೊನೆಯ ಸಾಲಿಗೆ ಎದ್ದು ನಿಂತರು. "ಏನ್ರೀ ಇದು? ಹುಚ್ಚು ಹಿಡಿದಿದ್ಯಾ? ನಿಮ್ಮ ಮೇಲೆ ನೀವೇ ಬರ್ಕೊಂಡಿದೀರಿ!"

"ಹೌದು."

"ಕೆಲಸ ಹೋಗುತ್ತೆ."

"ಹೋಗ್ಲಿ."

"ಮಗಳನ್ನ ಕಟ್ಕೊಂಡು ಏನು ಮಾಡ್ತೀರಿ?"

"ಕಟ್ಟಲ್ಲ" ಎಂದಳು ಅವಳು.

ಹೆಡ್‌ಮೇಡಂ ಹಾಳೆಗೆ ಕೈ ಹಾಕಿದರು. ಅವಳು ಅದನ್ನು ಎದೆಗೆ ಒತ್ತಿಕೊಂಡಳು. ಅಷ್ಟರಲ್ಲಿ ಬಾಗಿಲ ಪಕ್ಕದಲ್ಲೇ ಊಟದ ಗಂಟೆ ಹೊಡೆಯಿತು. ಚೂಟಿ ಎರಡು ತಿಂಗಳ ಮೇಲೆ ಮೊದಲ ಸಲ ಕಿರುಚಿದಳು. ಬೆನ್ನ ಹಿಂದಿನ ಕೈಗಳು ಮುಂದೆ ಬಂದವು. ಮೇಜಿನ ಮೇಲಿದ್ದದ್ದೆಲ್ಲ, ಫೈಲು, ಹೂಜಿ, ಗಾಜಿನ ಲೋಟ, ನೆಲಕ್ಕೆ ಹಾರಿತು. ಬೈಗುಳ ಶುರುವಾಯಿತು, ಅಪ್ಪನಿಂದ ಕಲಿತದ್ದು, ಒಂದೂ ಬಿಡದೆ.

"ಹಿಡ್ಕೊಳ್ರೀ ಅವಳನ್ನ!" ಎಂದು ಹೆಡ್‌ಮೇಡಂ ಗೋಡೆಗೆ ಒತ್ತಿಕೊಂಡು ಕೂಗಿದರು.

ಒಂಬತ್ತು ವರ್ಷದಲ್ಲಿ ಇಂಥ ಹೊತ್ತಿನಲ್ಲಿ ಅವಳು ಮೊದಲು ಮಾಡಿದ ಕೆಲಸವೆಂದರೆ ಮಗಳ ಎರಡೂ ಕೈ ಹಿಡಿಯುವುದು. ಇವತ್ತು ಹಿಡಿಯಲಿಲ್ಲ. ಗಾಜಿನ ಚೂರುಗಳನ್ನು ಕಾಲಿನಿಂದ ಆಚೆ ಸರಿಸಿದಳು, ಮಗಳಿಗೆ ತಾಗದಂತೆ. ಬಾಗಿಲನ್ನು ಅಗಲವಾಗಿ ತೆರೆದಳು. "ಬಾ, ಹೊರಗೆ ಹೋಗಿ ಕಿರುಚು. ಅಲ್ಲಿ ಜಾಗ ಇದೆ" ಎಂದಳು. ಕಾಗದ ಮತ್ತು ಎರಡೂ ಪಟ್ಟಿಗಳನ್ನು ಕೋಟಿನ ಜೇಬಿಗೆ ತುರುಕಿ ಮಗಳ ಹಿಂದೆ ನಡೆದಳು. ಅಂಗಳದ ಮಕ್ಕಳು ಎರಡು ಪಾಲಾಗಿ ದಾರಿ ಬಿಟ್ಟರು. ಗೇಟಿನ ಹತ್ತಿರ ಹೋಗುವ ಹೊತ್ತಿಗೆ ಚೂಟಿಯ ಉಸಿರು ತಾನಾಗಿಯೇ ಇಳಿಯಿತು. ಡಾಕ್ಟರು ಹೇಳಿದ್ದೂ ಅಷ್ಟನ್ನೇ.

ಗೇಟಿನ ಹೊರಗೆ ಚಿಕ್ಕ ತರಗತಿಯ ಮಕ್ಕಳನ್ನು ಮಧ್ಯಾಹ್ನಕ್ಕೆ ಕರೆದೊಯ್ಯುವವರು ನಿಂತಿದ್ದರು. ಕಿರುಚಾಟ ಕೇಳಿದ್ದರಿಂದ ಎಲ್ಲರ ಕಣ್ಣೂ ಇತ್ತಲೇ ಇತ್ತು. "ಇಂಥೋರನ್ನ ಬೇರೆ ಕಡೆ ಹಾಕಬೇಕಪ್ಪ" ಎಂದು ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳಿದ್ದು ಕೇಳಿಸಿತು. ಸೈಕಲ್ ರಿಪೇರಿಯವನು ಅಂಗಡಿಯಿಂದ ಹಾಗೇ ಎದ್ದು ಬಂದು ಗೇಟಿಗೆ ಒರಗಿದ್ದ. ಕೈಯೆಲ್ಲ ಗ್ರೀಸು. ದಿನಾ ಅವಳನ್ನು ನೋಡಿ ತಲೆ ಆಡಿಸುವ ಮನುಷ್ಯ.

ಅವಳು ಸೀದಾ ಅವನ ಮುಂದೆ ಹೋಗಿ ನಿಂತಳು. ಜೇಬಿನಿಂದ ಪಟ್ಟಿ ತೆಗೆದು ತೋರಿಸಿದಳು.

"ಅಣ್ಣಾ, ಇದು ನಿಮ್ಮ ಮಗಳ ಕಾಲಲ್ಲಿತ್ತು. ಬೆಂಚಿಗೆ ಕಟ್ಟಿದ್ರು. ಈಗ ನಾನೇ ಬಿಚ್ಚಿ ಬಂದೆ."

ಅವನು ಪಟ್ಟಿಯನ್ನೂ ಅವಳನ್ನೂ ನೋಡಿದ. "ಯಾರು ಕಟ್ಟಿದ್ದು?"

"ಟೀಚರ್. ಹೆಡ್‌ಮೇಡಂಗೂ ಗೊತ್ತು."

"ಇದನ್ನ ತಂದುಕೊಟ್ಟಿದ್ದು ಯಾರು?"

ಇಲ್ಲಿ ಸುಮ್ಮನಿದ್ದುಬಿಡಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಅವನು ಒಳಗೆ ನುಗ್ಗಲು ಅರ್ಧ ತಿರುಗಿಯೂ ಆಗಿತ್ತು.

"ನಾನು" ಎಂದಳು. "ನಾನೇ ಹೊಲಿದುಕೊಟ್ಟಿದ್ದು. ನನ್ನ ಮಗಳಿಗೆ ಅಂತ. ಗಾಯ ಆಗದಿರ್ಲಿ ಅಂತ. ನಿಮ್ಮ ಮಗಳಿಗೂ ಅದೇ ಕಟ್ಟಿದ್ರು."

ಅವನ ಕೈ ಎದ್ದದ್ದು ಅವಳಿಗೆ ಕಂಡಿತು. ತಪ್ಪಿಸಿಕೊಳ್ಳಲಿಲ್ಲ. ಏಟಿಗೆ ಕಿವಿ ಗುಂಯ್‌ಗುಟ್ಟಿತು. ಹೆಂಗಸರು ಹೋ ಎಂದರು. ಚೂಟಿ ಅವನ ಮೊಣಕೈಗೆ ಹಾರಿ ಹಲ್ಲು ಊರಿದಳು. ಅವನು ಕೊಡವಲೂ ಇಲ್ಲ, ತಾನು ಹೊಡೆದ ಕೈಯನ್ನೇ ನೋಡುತ್ತ ನಿಂತುಬಿಟ್ಟ. ತಾಯಿಯ ಕೆನ್ನೆಯ ಮೇಲೆ ಐದು ಬೆರಳೂ ಕಪ್ಪಗೆ ಮೂಡಿದ್ದವು.

"ಇನ್ನೊಂದು ಹೊಡೀಬೇಕಾದ್ರೆ ಹೊಡಿ ಅಣ್ಣಾ" ಎಂದಳು ಅವಳು. "ನನಗೆ ಸಲ್ಲಬೇಕಾದ್ದೇ. ಆದ್ರೆ ಆಮೇಲೆ ಒಳಗೆ ಹೋಗು. ನನಗೆ ಹೊಡೆದು ಮನೆಗೆ ಹೋಗಬೇಡ."

ಅವನು ಗೇಟನ್ನು ಭುಜದಿಂದ ತಳ್ಳಿಕೊಂಡು ಒಳಗೆ ನಡೆದ. ಬೇರೆ ಕಡೆ ಹಾಕಬೇಕು ಎಂದಿದ್ದ ಹೆಂಗಸು ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ನಮ್ಮ ಮಗೂಗೂ ಕಟ್ಟಿದಾರಾ? ನಮ್ಮದಕ್ಕೂ?" ಎನ್ನುತ್ತ ಅವನ ಹಿಂದೆ ಓಡಿದಳು. ಇನ್ನಿಬ್ಬರು ಹೋದರು. ಉಳಿದವರು ಅಲ್ಲೇ ನಿಂತು ನೋಡಿದರು.

ಅವಳು ಜೇಬಿನ ಕಾಗದವನ್ನು ತೆಗೆದು ಬಿಡಿಸಿಕೊಂಡಳು. ಕೆನ್ನೆ ಒರೆಸಿಕೊಳ್ಳದೆ, ಮಗಳನ್ನು ಮುಂದೆ ಬಿಟ್ಟುಕೊಂಡು, ತಾನೂ ಒಳಗೆ ಹೋದಳು.